ಉತ್ತರಿಸದಿರುವ ಹಕ್ಕು, ಕರೆಯದಿರುವ ಕರ್ತವ್ಯ

ಕೆಲಸದ ವೇಳೆ ಮುಗಿದ ಮೇಲೆ ಬರುವ ಕರೆಗೂ ಮಿಂಚಂಚೆಗೂ ಉತ್ತರಿಸದಿರುವುದು ನೌಕರನ ಹಕ್ಕೆಂದು ಸಾರುವ ಮಸೂದೆಯನ್ನು ಸಂಸದೆ ಸುಪ್ರಿಯಾ ಸುಳೆಯವರು 2018ರಲ್ಲಿ ಲೋಕಸಭೆಯಲ್ಲಿ ಮಂಡಿಸಿದರು; 2025ರ ಡಿಸೆಂಬರಿನಲ್ಲಿ ಪುನಃ ಮಂಡಿಸಿದರು. 1970ರ ನಂತರ ಖಾಸಗಿ ಸದಸ್ಯರ ಯಾವ ಮಸೂದೆಯೂ ಕಾಯಿದೆಯಾಗಿಲ್ಲವಾದ್ದರಿಂದ ಇದರ ಭವಿಷ್ಯದ ಬಗ್ಗೆ ಹೆಚ್ಚಿನ ಭರವಸೆ ತಾಳುವಂತಿಲ್ಲ. ಆದರೂ ಅದರ ಗುಣದೋಷಗಳ ವಿಮರ್ಶೆ ಅಗತ್ಯ.

ಬೆಂಗಳೂರಿನ ಉತ್ತರ ಭಾಗವನ್ನೇ ನೋಡಬಹುದು. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ದುಡಿದು, ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯನ್ನು ದಾಟಿ ಯಲಹಂಕದ ಮನೆ ಸೇರುವ ತಂತ್ರಜ್ಞನಿಗೆ ಅಮೆರಿಕದಲ್ಲಿ ಬೆಳಗಾಗುತ್ತಿದ್ದಂತೆ ಎರಡನೆಯ ದುಡಿಮೆ ಆರಂಭವಾಗುತ್ತದೆ. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನ ಗುಮಾಸ್ತನ ಸ್ಥಿತಿಯೂ ಭಿನ್ನವಲ್ಲ. ಮಂಡಿಯ ಬಾಗಿಲು ಹಾಕಿದ ಮೇಲೆ ಯಾರ ಬಾಕಿ ಬಂತು, ನಾಳೆ ಎಷ್ಟು ಲೋಡು ಬರುತ್ತದೆ ಎಂದು ಮಾಲೀಕರ ಧ್ವನಿಸಂದೇಶ ವಾಟ್ಸಾಪಿನಲ್ಲಿ ಬಂದು ಕುಳಿತಿರುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು. ಬಾಗಿಲು ತೆರೆದು ಮುಚ್ಚುವ ಅಂಗಡಿಗೆ ಒಪ್ಪುವ ಲೆಕ್ಕವದು; ರಾತ್ರಿಯ ಸಂದೇಶಕ್ಕೆ ಹಾಜರಿ ಪುಸ್ತಕವಿಲ್ಲ. ದಿನದ ಮಿತಿಯನ್ನು 10 ಗಂಟೆಗೆ ಏರಿಸುವ ಪ್ರಸ್ತಾಪ 2025ರಲ್ಲಿ ಬಂದಾಗ ಐಟಿ ನೌಕರರ ಸಂಘ ಪ್ರತಿಭಟಿಸಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಮೀರಿದ ದುಡಿಮೆಯಿಂದ 2016ರಲ್ಲಿ ಜಗತ್ತಿನಾದ್ಯಂತ 7.45 ಲಕ್ಷ ಜನ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಗೆ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಅಂದಾಜಿಸಿದವು.

ಇದಕ್ಕೆ ಪರಿಹಾರವಾಗಿ ಪತ್ರಿಕೆಗಳು ಕೊಡುವ ಉಪದೇಶ ಎಲ್ಲರಿಗೂ ಗೊತ್ತಿರುವುದೇ: ಫೋನನ್ನು ಬೇರೆ ಕೋಣೆಯಲ್ಲಿಡಿ, ಧ್ಯಾನ ಮಾಡಿ. ಹೊರೆ ಹೊತ್ತವನಿಗೆ ಹೊರುವ ಕ್ರಮವನ್ನು ಕಲಿಸುವ ಉಪದೇಶವಿದು. ಹೊರಿಸಿದವನ ಸುದ್ದಿಯೇ ಇಲ್ಲ. ಮಸೂದೆಯ ದೌರ್ಬಲ್ಯವೂ ಇಲ್ಲಿಯೇ ಇದೆ. ಉತ್ತರಿಸದ ನೌಕರನ ಮೇಲೆ ಶಿಸ್ತುಕ್ರಮ ಕೂಡದೆಂದು ಅದು ಹೇಳುತ್ತದೆ, ತಪ್ಪಿದ ಸಂಸ್ಥೆಗೆ ನೌಕರರ ಒಟ್ಟು ವೇತನದ ಶೇಕಡ 1ರಷ್ಟು ದಂಡವನ್ನೂ ಸೂಚಿಸುತ್ತದೆ. ಆದರೆ ಕೈತಪ್ಪಿದ ಬಡ್ತಿ ಯಾವ ಕಡತದಲ್ಲಿಯೂ ಶಿಕ್ಷೆಯೆಂದು ದಾಖಲಾಗುವುದಿಲ್ಲ. ಬಡ್ತಿಯನ್ನು ಕೊಡುವವನೇ ರಾತ್ರಿ ಹತ್ತಕ್ಕೆ ಕರೆಯುತ್ತಿರುವಾಗ ಮೌನದ ಹಕ್ಕನ್ನು ಚಲಾಯಿಸುವ ಧೈರ್ಯ ಎಷ್ಟು ಜನಕ್ಕಿದ್ದೀತು? ಪೋರ್ಚುಗಲ್ ದೇಶ 2021ರಲ್ಲಿ ಬೇರೆ ದಾರಿ ಹಿಡಿಯಿತು. ಅನಿವಾರ್ಯ ಸಂದರ್ಭಗಳನ್ನುಳಿದು, ವಿಶ್ರಾಂತಿಯ ಅವಧಿಯಲ್ಲಿ ನೌಕರನನ್ನು ಸಂಪರ್ಕಿಸದಿರುವುದು ಮಾಲೀಕನ ಕರ್ತವ್ಯವೆಂದು ಅಲ್ಲಿನ ಕಾನೂನು ವಿಧಿಸಿತು. ಭಾರ ಸರಿಯಾದ ಹೆಗಲಿಗೆ ಬಿದ್ದಿತು.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಆಗ ಕರೆಯ ಶುಲ್ಕ ದುಬಾರಿಯಾಗಿತ್ತು. 2003ರವರೆಗೆ ಒಳಬರುವ ಕರೆಗೂ ಹಣ ತೆರಬೇಕಾಗಿತ್ತು. ಕರೆಯುವವನು ಎರಡು ಬಾರಿ ಯೋಚಿಸುತ್ತಿದ್ದನು. ಸಂದೇಶಕ್ಕೆ ಬೆಲೆಯಿಲ್ಲವಾದ ಮೇಲೆ ಆ ಸಂಕೋಚವೂ ಹೊರಟುಹೋಯಿತು.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂಬುದು ಶ್ರಾವಕರಿಗೆ ತಿಳಿದದ್ದೇ. ಎತ್ತಿನ ಬೆನ್ನಿಗೂ ಆಳಿನ ತಲೆಗೂ ಮಿತಿಮೀರಿ ಹೇರುವುದು ಹೇರುವವನ ದೋಷ. ಆಳಿನ ಬಿಡುವಿನ ಹೊತ್ತಿಗೆ ಹೇರಿದ್ದು ಈ ಲೆಕ್ಕಕ್ಕೆ ಸೇರದೆನ್ನಲು ಕಾರಣ ಕಾಣದು. ಮಂಡಿಯಲ್ಲಿಯೂ ಕಾರ್ಖಾನೆಯಲ್ಲಿಯೂ ಹೇರುವ ಸ್ಥಾನದಲ್ಲಿರುವ ಮನೆತನಗಳು ಸಮಾಜದಲ್ಲಿ ಕಡಮೆಯಿಲ್ಲ. ರಾತ್ರಿ ಬರೆದ ಮಿಂಚಂಚೆಯನ್ನು ಬೆಳಿಗ್ಗೆ ತಲುಪುವಂತೆ ನಿಗದಿಪಡಿಸುವ ಸೌಲಭ್ಯ ಈಗಾಗಲೇ ಇದೆ, ಅದಕ್ಕೆ ಕಾಯಿದೆಯ ಅಪ್ಪಣೆ ಬೇಕಿಲ್ಲ. ಬಸದಿಯ ಟ್ರಸ್ಟುಗಳೂ ಈ ಮಾತಿಗೆ ಹೊರತಲ್ಲ. ಪಂಚಕಲ್ಯಾಣದ ಸಿದ್ಧತೆಯ ದಿನಗಳಲ್ಲಿ ಕಚೇರಿಯ ಗುಮಾಸ್ತನ ಫೋನಿಗೆ ಎಷ್ಟು ಮಂದಿ ಧರ್ಮದರ್ಶಿಗಳ ಸೂಚನೆಗಳು ಯಾವ ಯಾವ ಹೊತ್ತಿನಲ್ಲಿ ಬಂದವೆಂಬುದನ್ನು ಆ ಫೋನಿನಲ್ಲಿಯೇ ಓದಿ ತಿಳಿಯಬಹುದು.