ವಿಹಾರ ಸಾಹಿತ್ಯದಲ್ಲಿ ನಮ್ಮ ಬಯಲು

ಗಡಿನಾಡಿನ ಸಮ್ಮೇಳನಗಳಲ್ಲಿ ಭಾಷಣಗಳು ಸಾಮಾನ್ಯವಾಗಿ ಕವಿರಾಜಮಾರ್ಗದಿಂದಲೇ ಮೊದಲಾಗುತ್ತವೆ. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದ ನಾಡಿನ ಸ್ಮರಣೆಯಾಗುತ್ತದೆ, ಚಪ್ಪಾಳೆಯಾಗುತ್ತದೆ. ಆ ಎರಡು ನದಿಗಳ ನಡುವೆ, ಸಭಾಮಂಟಪದಿಂದ ಒಂದು ಗಂಟೆಯ ದಾರಿಯಲ್ಲಿ, ಕೃಷ್ಣೆ ಹರಿಯುತ್ತಿದ್ದಾಳೆಂಬುದನ್ನು ಮಾತ್ರ ಯಾವ ಭಾಷಣಕಾರರೂ ಎತ್ತಿಕೊಂಡದ್ದನ್ನು ನಾವು ಕೇಳಿಲ್ಲ. ಈ ಮರೆವು ಭಾಷಣಗಳಲ್ಲಷ್ಟೇ ಇದ್ದಿದ್ದರೆ ಲೇಖನ ಬರೆಯುವ ಅಗತ್ಯವಿರಲಿಲ್ಲ. ಅದು ನಮ್ಮ ಬರಹದಲ್ಲೂ ಇದೆ, ಓದಿನಲ್ಲೂ ಇದೆ. ಆದುದರಿಂದ ಕನ್ನಡದ ವಿಹಾರ ಸಾಹಿತ್ಯವನ್ನು ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆಯಿಂದ ನೋಡಿದರೆ ಏನು ಕಾಣುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ವಿಹಾರ ಎಂಬ ಮಾತನ್ನು ನಾವು ಸರಳಾರ್ಥದಲ್ಲಿ ಬಳಸುತ್ತಿದ್ದೇವೆ: ಊರಿನಲ್ಲಿ ವಾಸಿಸುವವನು ಬಿಡುವಿನ ಹೊತ್ತಿನಲ್ಲಿ ನದಿಗೋ ಗುಡ್ಡಕ್ಕೋ ಕೆರೆಯ ಏರಿಗೋ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳುವುದು. ಹೊಲದಲ್ಲೇ ಹಗಲು ಕಳೆಯುವ ರೈತನಿಗೆ ವಿಹಾರವೆಂಬುದು ಬೇರೆಯಾಗಿ ಬೇಕಾಗಿಲ್ಲ. ಹೈದರಾಬಾದಿನಂತಹ ಮಹಾನಗರದವನಿಗೆ ಅದಕ್ಕೆ ರಜೆ ಬೇಕು, ವಾಹನ ಬೇಕು, ಹಣವೂ ಬೇಕು. ಎರಡರ ನಡುವಿನ ಊರಿನವನಿಗೆ ಮಾತ್ರ ಅದು ದಿನಚರಿಯ ಒಂದು ಭಾಗವಾಗಬಲ್ಲದು. ಕನ್ನಡ ಸಾಹಿತ್ಯಕ್ಕೆ ಇಂತಹ ಊರುಗಳ ಋಣ ದೊಡ್ಡದು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುವೆಂಪು ನಡೆದಾಡಿದರು. ಧಾರವಾಡದಲ್ಲಿ ಬೇಂದ್ರೆಯವರ ಮನೆ ಸಾಧನಕೇರಿಯ ಪಕ್ಕದಲ್ಲೇ ಇತ್ತು. ಆ ಕಾಲದ ಮೈಸೂರೂ ಧಾರವಾಡವೂ ನಡುವಿನ ಊರುಗಳೇ. ಕಾಲೇಜು, ಕಚೇರಿ, ಗ್ರಂಥಾಲಯಗಳೂ ಇದ್ದವು. ಹತ್ತು ಹೆಜ್ಜೆ ನಡೆದರೆ ನೀರೂ ಆಕಾಶವೂ ಇದ್ದವು. ಅಲ್ಲಿನ ಕೆರೆಗಳಿಗೆ ಗಾತ್ರವನ್ನು ಮೀರಿದ ಕೀರ್ತಿ ಬಂದದ್ದು ಬರಹದಿಂದ.

ನಮ್ಮ ಮೂರು ಊರುಗಳಿಗೆ ಏನು ಕೊರತೆ? ಕೃಷ್ಣೆಯೂ ಭೀಮೆಯೂ ಕೂಡುವುದು ನಾರಾಯಣಪೇಟೆ ಜಿಲ್ಲೆಯ ತಂಗಡಿಯ ಬಳಿ. ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವುದೂ ಅಲ್ಲಿಯೇ. ಮಕ್ತಲ್ ಮಂಡಲದ ಪಂಚದೇವಪಹಾಡಿನ ದಡದಲ್ಲಿ ನಿಂತರೆ ಎದುರಿಗೆ ನಡುಗಡ್ಡೆಯಾಗಿ ಕುರವಪುರ ಕಾಣುತ್ತದೆ. ದಡ ತೆಲಂಗಾಣದ್ದು, ನಡುಗಡ್ಡೆ ರಾಯಚೂರು ತಾಲ್ಲೂಕಿನದು. ನೀರಿಗೆ ಗಡಿಯ ಪರಿವೆಯಿಲ್ಲ. ಕೆಳಗೆ, ಗದ್ವಾಲಕ್ಕೆ ಸಮೀಪದಲ್ಲಿ, 1995ರಿಂದ ಬಳಕೆಗೆ ಬಂದ ಜುರಾಲಾ ಅಣೆಕಟ್ಟೆ ಇದೆ. ಅದು ತುಂಬಿದಾಗ ನೀರಿನ ಮಟ್ಟ 1045 ಅಡಿ. ಮಳೆಗಾಲದಲ್ಲಿ ಗೇಟುಗಳನ್ನೆತ್ತಿದ ಸುದ್ದಿ ಬಂದೊಡನೆ ಮೂರೂ ಊರುಗಳಿಂದ ಮೋಟಾರು ಸೈಕಲುಗಳು ಹೊರಡುತ್ತವೆ. ಆ ದಡದ ಮೀನಂಗಡಿಗಳ ಖ್ಯಾತಿ ದೂರದವರೆಗೆ ಹಬ್ಬಿದೆ. ನಮ್ಮ ಸಂಘದ ಸಸ್ಯಾಹಾರಿ ಸದಸ್ಯರು ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು ನಿಲ್ಲುತ್ತಾರೆ. ಕೃಷ್ಣಾ ಮಂಡಲದ ಮುಡುಮಾಲದಲ್ಲಿ 10ರಿಂದ 14 ಅಡಿ ಎತ್ತರದ ನಿಲುವುಗಲ್ಲುಗಳಿವೆ. ಮೂರು ಸಾವಿರ ವರ್ಷಗಳಿಗೂ ಹಿಂದಿನವೆಂದು ವಿದ್ವಾಂಸರು ಹೇಳುವ ಈ ಬೃಹತ್ ಶಿಲೆಗಳ ನೆಲೆ 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲಿನ ಒಂದು ಬಂಡೆಯ ಮೇಲೆ ಸಪ್ತರ್ಷಿಮಂಡಲವನ್ನು ಕುಳಿಗಳಾಗಿ ಕೊರೆದಿದ್ದಾರೆ. ದಾರಿಯೂ ಈಗ ಸುಗಮ: ರಾಯಚೂರು–ಗದ್ವಾಲ ರೈಲು ಮಾರ್ಗ 2013ರಲ್ಲಿ ಆರಂಭವಾಯಿತು, ಜಕ್ಲೇರು–ಕೃಷ್ಣಾ ಮಾರ್ಗ 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಯಾಗಿ ಮಕ್ತಲ್ಲಿನ ಮೂಲಕ ನದಿಯವರೆಗೆ ರೈಲು ಬಂದಿತು.

ಸಾಮಗ್ರಿಗೆ ಕೊರತೆಯಿಲ್ಲ ಎಂದಾಯಿತು. ಇನ್ನು ಬರಹವನ್ನು ನೋಡೋಣ. ನಮ್ಮ ಕಡೆಯ ಸ್ಮರಣ ಸಂಚಿಕೆಗಳಲ್ಲಿ ಈ ಸ್ಥಳಗಳ ಕುರಿತು ಬರುವ ಲೇಖನಗಳು ಎರಡು ಬಗೆಯವು. ಮೊದಲನೆಯದು ಕ್ಷೇತ್ರಮಹಿಮೆ. ಇದರಲ್ಲಿ ಕುರವಪುರವೆಂದರೆ ಶ್ರೀಪಾದ ಶ್ರೀವಲ್ಲಭರು, ಬೀಚುಪಲ್ಲಿಯೆಂದರೆ ಆಂಜನೇಯ, ಅಲಂಪುರವೆಂದರೆ ಜೋಗುಳಾಂಬೆ. ದೇವರ ಮಹಿಮೆಯನ್ನು ಬರೆದದ್ದು ತಪ್ಪೆಂದು ನಾವು ಹೇಳುವುದಿಲ್ಲ. ಹೇಳಿ ಈ ಊರಿನಲ್ಲಿ ಬಾಳುವುದೂ ಕಷ್ಟ. ಆದರೆ ಕುರವಪುರದ ಲೇಖನವನ್ನು ಓದಿ ಮುಗಿಸಿದವನಿಗೆ ಅಲ್ಲಿ ನದಿ ಎಷ್ಟು ಅಗಲ, ಹೊಳೆಯ ನಡುವಿನ ಬಂಡೆಗಳ ಬಣ್ಣವೇನು, ಪ್ರವಾಹದ ದಿನಗಳಲ್ಲಿ ಹರಿಗೋಲನ್ನು ಎಲ್ಲಿ ಕಟ್ಟುತ್ತಾರೆ, ಹುಟ್ಟು ಹಾಕುವವನು ಯಾವ ಭಾಷೆಯಲ್ಲಿ ಮಾತಾಡುತ್ತಾನೆ ಎಂಬುದೊಂದೂ ತಿಳಿಯುವುದಿಲ್ಲ. ಲೇಖಕರು ನೀರನ್ನು ದಾಟಿದ್ದಾರೆ, ನೀರನ್ನು ನೋಡಿಲ್ಲ. ಎರಡನೆಯ ಬಗೆ ಪ್ರವಾಸೋದ್ಯಮದ ಕರಪತ್ರದ ಅನುಕರಣೆ. ‘ಕಣ್ಮನ ಸೆಳೆಯುವ’, ‘ಪ್ರಕೃತಿಯ ಮಡಿಲು’, ‘ಭೂಲೋಕದ ಸ್ವರ್ಗ’ ಎಂಬ ವಿಶೇಷಣಗಳನ್ನು ಜುರಾಲಾಕ್ಕೂ ಹಚ್ಚಬಹುದು, ಜೋಗಕ್ಕೂ ಹಚ್ಚಬಹುದು. ಎಲ್ಲ ಸ್ಥಳಗಳಿಗೂ ಒಪ್ಪುವ ವಾಕ್ಯ ಯಾವ ಸ್ಥಳಕ್ಕೂ ಸೇರಿದ್ದಲ್ಲ.

ಈ ದೋಷ ಹಿರಿಯರ ಲೇಖನಗಳಲ್ಲಿ ಮೊದಲಾಗುವುದಲ್ಲ, ಪಾಠಶಾಲೆಯಲ್ಲೇ ಮೊದಲಾಗುತ್ತದೆ. ‘ನಾನು ಕಂಡ ಪ್ರಕೃತಿ ದೃಶ್ಯ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದಾಗ ನದಿಯ ದಡದ ಹಳ್ಳಿಯಿಂದ ಬರುವ ಹುಡುಗರು ಜೋಗ ಜಲಪಾತದ ಬಗ್ಗೆ ಬರೆಯುತ್ತಿದ್ದರು. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಹೆಸರುಗಳನ್ನೂ ತಪ್ಪಿಲ್ಲದೆ ಬರೆದವರಲ್ಲಿ ಜೋಗವನ್ನು ಕಂಡವನು ಒಬ್ಬನೂ ಇರುತ್ತಿರಲಿಲ್ಲ. ಆ ಹುಡುಗರು ಬೆಳಗ್ಗೆ ಈಜಿ ಬಂದಿರುತ್ತಿದ್ದ ಕೃಷ್ಣೆಗೆ ಪ್ರಬಂಧದಲ್ಲಿ ಒಂದು ಸಾಲೂ ದೊರೆಯುತ್ತಿರಲಿಲ್ಲ. ಅದು ಪ್ರಕೃತಿ ದೃಶ್ಯವೆಂದು ಅವರಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಹಾಗಾದರೆ ಕನ್ನಡದ ದೊಡ್ಡ ಪುಸ್ತಕಗಳು ಏನು ಹೇಳಿದವು? 1933ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಕೃತಿಯಿಂದ 1991ರ ತೇಜಸ್ವಿಯವರ ‘ಪರಿಸರದ ಕತೆ’ಯವರೆಗೆ, ಕನ್ನಡದಲ್ಲಿ ಹೊರಾಂಗಣವೆಂದರೆ ಬಹುಮಟ್ಟಿಗೆ ಮಲೆನಾಡು. ಕಾಡು, ಜಡಿಮಳೆ, ಬೇಟೆ, ಹಸಿರು. ಇವು ಶ್ರೇಷ್ಠ ಕೃತಿಗಳೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆ ಲೇಖಕರು ತಮ್ಮ ನೆಲವನ್ನು ತಾವು ಬರೆದರು, ಅದು ಅವರ ಧರ್ಮ. ತೊಡಕು ಇರುವುದು ಓದಿದ ನಮ್ಮಲ್ಲಿ. ವರ್ಷದಲ್ಲಿ ಎಂಟು ತಿಂಗಳು ಬಿಸಿಲು ಕಾಣುವ ನಾವು, ಹಸಿರಿದ್ದಲ್ಲಿ ಮಾತ್ರ ಸೌಂದರ್ಯವಿದೆಯೆಂಬ ತೀರ್ಮಾನವನ್ನು ಆ ಪುಸ್ತಕಗಳಿಂದ ಎತ್ತಿಕೊಂಡೆವು. ಹೈದರಾಬಾದು ಕರ್ನಾಟಕದ ಲೇಖಕರ ಕಥೆ ಕಾದಂಬರಿಗಳಲ್ಲಿ ಬಯಲು ಬಂದಿದೆ ನಿಜ. ಆದರೆ ಅಲ್ಲಿ ಅದು ಬರಗಾಲದ ನೆಲ, ದುಡಿಮೆಯ ನೆಲ, ರಜಾಕಾರರ ಕಾಲದ ಭಯದ ನೆಲ. ಹಾಗೆ ಬಂದದ್ದೂ ನ್ಯಾಯವೇ. ಸಂಕಟವನ್ನು ಬರೆಯಬೇಕಾದ ತಲೆಮಾರಿಗೆ ಸಂಜೆಯ ನಡಿಗೆಯನ್ನು ಬರೆಯಲು ಪುರಸೊತ್ತಿರಲಿಲ್ಲ.

ಮಲೆನಾಡಿನ ಮಾದರಿಗಿಂತ ನಮಗೆ ಹತ್ತಿರವಾದ ಮಾದರಿಗಳು ಕನ್ನಡದಲ್ಲೇ ಇವೆ, ನಾವು ಆ ದೃಷ್ಟಿಯಿಂದ ಓದಿಲ್ಲವಷ್ಟೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪಿಯನ್ನು ಕುರಿತದ್ದು. ಹಂಪಿಯ ನೆಲ ನಮ್ಮ ನೆಲದ ಹತ್ತಿರದ ಬಂಧು: ಅದೇ ಬಿಸಿಲು, ಅದೇ ಹೆಬ್ಬಂಡೆ, ಕೃಷ್ಣೆಯ ಬದಲು ತುಂಗಭದ್ರೆ. ಆ ತುಂಗಭದ್ರೆಯೂ ಕಡೆಗೆ ಅಲಂಪುರದ ಬದಿಗೇ ಬಂದು ಕೃಷ್ಣೆಯನ್ನು ಸೇರುವವಳು. ಬಂಡೆಯ ನಾಡೂ ಕನ್ನಡ ಗದ್ಯಕ್ಕೆ ಒದಗುತ್ತದೆಂದು ತೋರಿಸಿಕೊಟ್ಟ ಆ ಚಿಕ್ಕ ಪುಸ್ತಕದಲ್ಲಿ ಯಾತ್ರೆ ಎಂಬ ಹೆಸರಿದ್ದರೂ ಕ್ಷೇತ್ರಮಹಿಮೆಯ ಜಾಡಿಲ್ಲ. ಇನ್ನೊಂದು, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯ ನೆಲ ಪಶ್ಚಿಮ ಘಟ್ಟವೇ ಆದರೂ ಅದರ ಕ್ರಮ ಎಲ್ಲ ನೆಲಕ್ಕೂ ಸಲ್ಲುವಂತಹದು. ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳೊಡನೆ ಗಿಡಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಪ್ರತಿ ಗಿಡಕ್ಕೂ ಹೆಸರಿಡುತ್ತಾರೆ, ಕಥೆ ಹೇಳುತ್ತಾರೆ, ತಾವೂ ನಗುತ್ತಾರೆ. ಉದ್ಗಾರಗಳಿಲ್ಲ. ಹೆಸರು ತಿಳಿದವನಿಗೆ ವಿಶೇಷಣ ಬೇಕಾಗುವುದಿಲ್ಲವೆಂಬುದನ್ನು ಅದರ ಪುಟಪುಟದಲ್ಲೂ ಕಾಣಬಹುದು.

ಹೆಸರಿನ ಮಾತು ಬಂದಿತು; ಈ ಲೇಖನದ ತಿರುಳೂ ಅಲ್ಲಿಯೇ ಇದೆ. ನಮ್ಮ ಮನೆಗಳಲ್ಲಿ ಕನ್ನಡವಿದೆ. ಅಡುಗೆಮನೆಯಲ್ಲಿದೆ, ದೇವರ ಕೋಣೆಯಲ್ಲಿದೆ, ಶ್ರಾವಣದ ಹಾಡುಗಳಲ್ಲಿದೆ. ಹೊಸ್ತಿಲು ದಾಟಿದೊಡನೆ ಮಕ್ಕಳ ಮಾತು ತೆಲುಗಾಗುತ್ತದೆ. ತೆಲುಗಿನ ಮೇಲೆ ನಮಗೆ ದೂರಿಲ್ಲ. ಅದು ನೆರೆಹೊರೆಯ ಭಾಷೆ, ನಮ್ಮದೂ ಹೌದು. ಆದರೆ ಹಳ್ಳವು ಬರಿಯ ವಾಗು ಆಗಿ, ಗುಡ್ಡವು ಗುಟ್ಟವಾಗಿ, ಕೆರೆ ಚೆರುವಾಗಿ, ಹರಿಗೋಲು ಪುಟ್ಟಿಯಾಗಿ, ಚಿಗರಿ ಜಿಂಕೆಯಾಗಿ ನಮ್ಮ ಮಕ್ಕಳ ಬಾಯಲ್ಲಿ ಉಳಿದಾಗ, ಕನ್ನಡಕ್ಕೆ ಒಳಮನೆ ಮಾತ್ರ ಉಳಿಯಿತು, ಬಯಲು ಹೋಯಿತು. ಹಿಂದೆ ಹೀಗಿರಲಿಲ್ಲ. ಗದ್ವಾಲ ಮತ್ತು ಅಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯವೇ. ಅಲಂಪುರದಲ್ಲಿ ಕನ್ನಡ ಶಾಸನಗಳಿವೆ. ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ್ದ ಗೋಪಾಲದಾಸರು ಹದಿನೆಂಟನೆಯ ಶತಮಾನದಲ್ಲಿ ಈ ಬಯಲಿನಲ್ಲಿ ಕನ್ನಡದಲ್ಲಿ ಹಾಡಿದವರು. ದಾಸರ ಕನ್ನಡ ಮಠದೊಳಗೆ ಕುಳಿತಿರಲಿಲ್ಲ, ದಾರಿಯ ಮೇಲೆ ನಡೆಯುತ್ತಿತ್ತು. ಮುಡುಮಾಲದ ಕಲ್ಲುಗಳನ್ನು ಸುತ್ತಲಿನವರು ಇಂದಿಗೂ ತಿಮ್ಮಪ್ಪನೆಂದೂ ಎಲ್ಲಮ್ಮನೆಂದೂ ಪೂಜಿಸುತ್ತಾರೆ. ಆ ಹೆಸರುಗಳು ಯಾವ ಭಾಷೆಯವೆಂದು ಕೇಳಿದರೆ ಎರಡೂ ಕಡೆಯವರು ನಗುತ್ತಾರೆ. ಆ ನಗುವನ್ನು ಯಾರಾದರೂ ಬರೆದಿಡಬಾರದೇ?

ಬರೆಯುವವರು ಇಲ್ಲದ್ದನ್ನು ಹೊಗಳಬೇಕೆಂದು ನಮ್ಮ ಅಪೇಕ್ಷೆಯಲ್ಲ. ಈ ಊರುಗಳ ವಿಹಾರದಲ್ಲಿ ಸುಖದಷ್ಟೇ ತೊಂದರೆಯೂ ಇದೆ. ಮಾರ್ಚ್ ದಾಟಿದ ಮೇಲೆ ಹತ್ತು ಗಂಟೆಯ ನಂತರ ದಡದಲ್ಲಿ ನಿಲ್ಲಲಾಗದು, ನೆರಳಿಗೆ ಜಾಲಿಯ ಗಿಡವೇ ಗತಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಈಜಲು ಇಳಿಯುವವನು ಊರವರನ್ನು ಕೇಳಿಯೇ ಇಳಿಯಬೇಕು. ಹೆಂಗಸರೊಡನೆ ಹೋದವರು ಶೌಚಾಲಯವನ್ನು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತಾರೆ. ಆಣೆಕಟ್ಟೆಯ ಬಳಿ ಭಾನುವಾರದ ಜನ ಬಿಟ್ಟುಹೋದ ಪ್ಲಾಸ್ಟಿಕ್ಕನ್ನು ಸೋಮವಾರ ಗಾಳಿ ಹೊಲಗಳಿಗೆ ಒಯ್ಯುತ್ತದೆ. ಆಚೆ ದಡದಲ್ಲಿ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು. ಸೂರ್ಯಾಸ್ತವನ್ನು ವರ್ಣಿಸುವ ಕವಿ ಅವುಗಳನ್ನು ಕಾಣದಂತೆ ಮುಖ ತಿರುಗಿಸಿಕೊಳ್ಳಬೇಕಾಗುತ್ತದೆ. ಮುಖ ತಿರುಗಿಸದೆ ಬರೆದ ವರ್ಣನೆಯೇ ನಮಗೆ ಹೆಚ್ಚು ಪ್ರಿಯವಾದೀತು.

ಚಿಗರಿಯ ವಿಷಯವೂ ಅಂತಹುದೇ. ಕೃಷ್ಣಾ, ಮಾಗನೂರು, ಮಕ್ತಲ್ ಕಡೆಯ ಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡು ನೆಗೆಯುವುದನ್ನು ಪಟ್ಟಣದವರು ಮೊಬೈಲಿನಲ್ಲಿ ಹಿಡಿದು ಮೆರೆಯುತ್ತಾರೆ. ಅದೇ ಹಿಂಡು ಹತ್ತಿಯ, ತೊಗರಿಯ ಎಳೆಯ ಸಸಿಗಳನ್ನು ತಿಂದು ತುಳಿದು ಹೋದ ಹೊಲದ ಒಡೆಯ ಎರಡನೆಯ ಬಿತ್ತನೆಯ ಬೀಜಕ್ಕೆ ಸಾಲ ಹುಡುಕುತ್ತಾನೆ. ಕಾನೂನು ಚಿಗರಿಯನ್ನು ಕಾಯುತ್ತದೆ, ಕಾಯಲೇಬೇಕು; ರೈತನನ್ನು ಕಾಯುವುದು ಯಾರು? ಮಲೆನಾಡಿನ ಬೇಟೆಯ ಕಥೆಗಳನ್ನು ಓದಿ ಬೆಳೆದ ನಮಗೆ ಮನುಷ್ಯನೂ ಮೃಗವೂ ಎದುರಾಗುವ ಇಂತಹ ಕಥೆ ಪಕ್ಕದ ಹೊಲದಲ್ಲೇ ನಡೆಯುತ್ತಿದೆಯೆಂದು ಹೊಳೆಯದೆ ಹೋದದ್ದು ವಿಚಿತ್ರ.

ನಮ್ಮ ಸಂಘಗಳು ಮಕ್ಕಳಿಗೆ ಏರ್ಪಡಿಸುವ ಪ್ರಬಂಧ ಸ್ಪರ್ಧೆಗಳ ವಿಷಯವನ್ನು ಬದಲಿಸುವುದಕ್ಕೆ ಖರ್ಚೇನೂ ಇಲ್ಲ. ‘ಗಡಿನಾಡಿನಲ್ಲಿ ಕನ್ನಡದ ಸ್ಥಿತಿಗತಿ’ ಎಂಬ ವಿಷಯಕ್ಕೆ ಹತ್ತು ವರ್ಷದ ಮಗು ಬರೆಯುವುದೆಲ್ಲ ತಂದೆಯ ಮಾತು. ‘ಜುರಾಲಾದ ಗೇಟು ತೆಗೆದ ದಿನ’ ಎಂದು ಕೊಟ್ಟರೆ ಮಗುವಿನ ಮಾತೇ ಬರುತ್ತದೆ. ಅದರಲ್ಲಿ ನಾಲ್ಕು ತೆಲುಗು ಪದಗಳು ನುಸುಳಿದರೆ ಅಂಕ ಕಳೆಯದಿರುವ ಔದಾರ್ಯ ತೀರ್ಪುಗಾರರಿಗಿರಲಿ. ಬತುಕಮ್ಮಕ್ಕೆ ತಂಗಡಿಯ ಹೂ ತರಲು ಹುಡುಗಿಯರು ಎಲ್ಲಿಗೆ ಹೋಗುತ್ತಾರೆ, ಜಮ್ಮಿಚೇಡಿನ ಜಮುಲಮ್ಮನ ಜಾತ್ರೆಗೆ ಗದ್ವಾಲದವರು ಯಾವ ದಾರಿಯಲ್ಲಿ ನಡೆಯುತ್ತಾರೆ, ನಾರಾಯಣಪೇಟೆಯ ನೇಕಾರನಿಗೆ ಮಗ್ಗ ನಿಲ್ಲಿಸಿದ ದಿನ ಹೊರಗೆ ಕೂರಲು ಯಾವ ಕಟ್ಟೆ ಇದೆ: ಇವೆಲ್ಲ ಒಂದೊಂದು ಪುಟಕ್ಕೆ ಸಾಕಾಗುವ ವಿಷಯಗಳು.

ಕೃಷ್ಣೆಯ ಪುಷ್ಕರ 2016ರಲ್ಲಿ ಬಂದಿತ್ತು. ಹನ್ನೆರಡು ವರ್ಷಕ್ಕೆ, 2028ರಲ್ಲಿ, ಮತ್ತೆ ಬರುತ್ತದೆ. ಆಗ ಸ್ನಾನಘಟ್ಟಗಳ ಕುರಿತು, ಪುಣ್ಯಫಲದ ಕುರಿತು ಲೇಖನಗಳು ಧಾರಾಳವಾಗಿ ಬರುವುದು ಖಂಡಿತ. ಅವುಗಳ ಜೊತೆಗೆ, ಪುಷ್ಕರಕ್ಕೆ ಮೂರು ತಿಂಗಳು ಮುಂಚೆ, ಮೇ ತಿಂಗಳಲ್ಲಿ, ನೀರು ಇಳಿದು ಬಂಡೆಗಳೆಲ್ಲ ಮೇಲೆದ್ದಿರುವಾಗ ಪಂಚದೇವಪಹಾಡಿನ ದಡಕ್ಕೆ ಹೋಗಿ ಕಂಡದ್ದನ್ನು ಕಂಡಂತೆ ಬರೆದ ಒಂದು ಲೇಖನವೂ ನಮ್ಮ ಸಂಚಿಕೆಗೆ ಬಂದರೆ, ಸಂಪಾದಕರು ಅದನ್ನು ಮೊದಲ ಪುಟದಲ್ಲಿ ಹಾಕಬೇಕೆಂದು ಈಗಲೇ ಕೇಳಿಕೊಳ್ಳುತ್ತೇವೆ.