ಗಸ್ತಿಗೆ ಇಬ್ಬರು

ಹನಗೋಡಿನಲ್ಲಿ ನನಗೆ ಪರಿಚಯದ ನಿವೃತ್ತ ದಫೇದಾರರೊಬ್ಬರಿದ್ದಾರೆ. ಚಿತ್ರವಿಮರ್ಶೆಯನ್ನು ಓದುವವರಲ್ಲ, ಆದರೆ ಪೊಲೀಸರ ಕಥೆಯುಳ್ಳ ಚಿತ್ರ ಬಂದರೆ ಬಿಡುವವರೂ ಅಲ್ಲ. ಒಮ್ಮೆ ಅವರು ಹೇಳಿದರು: "ರಾತ್ರಿ ಗಸ್ತಿಗೆ ಒಬ್ಬನ್ನೇ ಕಳಿಸಿದ್ರೆ ಅವನು ಹೆದರ್ಕೋತಾನೆ, ಸ್ವಾಮಿ. ಇಬ್ಬರನ್ನ ಕಳಿಸಿದ್ರೂ ಹೆದರಿಕೆ ಇದ್ದೇ ಇರ್ತದೆ. ಆದ್ರೆ ನನಗಿಲ್ಲ ಅಂತ ಇನ್ನೊಬ್ಬನಿಗೆ ತೋರಿಸ್ಕೋಬೇಕಲ್ಲ, ತಮಾಷೆ ಇರೋದು ಅಲ್ಲೇ." ನಾಗರಹೊಳೆ ಕಾಡಿನ ಮಗ್ಗುಲಿನ ಊರು ಅದು, ಗಸ್ತಿನವನಿಗೆ ಕಳ್ಳನಿಗಿಂತ ಆನೆಯ ಭಯವೇ ಹೆಚ್ಚು. ಜೋಡಿ ಪೊಲೀಸರ ನಗೆಚಿತ್ರವೆಂಬ ಪ್ರಕಾರದ ಲಕ್ಷಣವನ್ನು ಇದಕ್ಕಿಂತ ಚೊಕ್ಕವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಕನ್ನಡದಲ್ಲಿ ಪತ್ತೇದಾರನು ಬಹುಕಾಲ ಒಬ್ಬಂಟಿ. 1968ರ 'ಜೇಡರ ಬಲೆ'ಯಲ್ಲಿ ದೊರೆ-ಭಗವಾನ್ ಜೋಡಿ ರಾಜಕುಮಾರರನ್ನು ಸಿ.ಐ.ಡಿ. 999 ಆಗಿಸಿದಾಗ, ಜೇಮ್ಸ್ ಬಾಂಡನ ಗತ್ತು ನಮ್ಮ ತೆರೆಗೂ ಬಂತು. ನಗಿಸುವ ಕೆಲಸ ಆ ಕಾಲದ ಚಿತ್ರಗಳಲ್ಲಿ ನರಸಿಂಹರಾಜು ಅವರಂಥವರಿಗೆ ಮೀಸಲು. ನಾಯಕನು ತಾನು ನಗೆಪಾಟಲಾಗುವಂತಿರಲಿಲ್ಲ. ಈ ಏರ್ಪಾಡನ್ನು ತಲೆಕೆಳಗು ಮಾಡಿದವರು ಹುಣಸೂರಿನವರೇ ಆದ ದ್ವಾರಕೀಶ್. ಸೋದರಮಾವ ಹುಣಸೂರು ಕೃಷ್ಣಮೂರ್ತಿಗಳ ನೆರಳಿನಲ್ಲಿ ಚಿತ್ರರಂಗಕ್ಕೆ ಬಂದು, 1972ರಲ್ಲಿ 'ಕುಳ್ಳ ಏಜೆಂಟ್ 000' ಚಿತ್ರಕ್ಕೆ ತಾವೇ ನಾಯಕರಾಗಿ ನಿಂತರು. ನಿರ್ದೇಶನ ಕೆ.ಎಸ್.ಎಲ್. ಸ್ವಾಮಿಯವರದು. ಬಾಂಡನ ಏಳನ್ನು ಕಿತ್ತು ಅಲ್ಲಿಗೂ ಒಂದು ಸೊನ್ನೆ ಸುತ್ತಿದ್ದಾರೆ ನೋಡಿ! ಬೈಗುಳವಾಗಿದ್ದ 'ಕುಳ್ಳ'ನನ್ನು ಬಿರುದನ್ನಾಗಿ ಧರಿಸಿದ ಆ ಧೈರ್ಯವನ್ನು ನಾನು ಲಘುವಾಗಿ ಕಾಣಲಾರೆ. ಆದರೂ ಇಂದು ಜನ ನೆನೆಯುವುದು ಅದರಲ್ಲಿ ಕಿಶೋರ್ ಕುಮಾರ್ ಹಾಡಿದ ಹಾಡನ್ನೇ ಹೊರತು ಚಿತ್ರವನ್ನಲ್ಲ. ನನಗೆ ತೋರುವ ಕಾರಣ ಸರಳ. ಕುಳ್ಳತನ ಕಾಣುವುದು ಪಕ್ಕದಲ್ಲಿ ಎತ್ತರದವನಿದ್ದಾಗ. ಒಬ್ಬನೇ ನಿಂತ ಕುಳ್ಳನೂ ಒಬ್ಬ ನಾಯಕನೇ ಆಗಿಬಿಡುತ್ತಾನೆ. ದ್ವಾರಕೀಶರಿಗೂ ಇದು ಹೊಳೆದಿರಬೇಕು. 'ಕಳ್ಳ ಕುಳ್ಳ' (1975), 'ಕಿಟ್ಟು ಪುಟ್ಟು' (1977), 'ಸಿಂಗಾಪುರದಲ್ಲಿ ರಾಜಾ ಕುಳ್ಳ' (1978), ಇವೆಲ್ಲದರಲ್ಲೂ ಜೊತೆಗೆ ವಿಷ್ಣುವರ್ಧನ್ ಇದ್ದಾರೆ. ಇವು ಪೊಲೀಸರ ಕಥೆಗಳಲ್ಲ, ಜೋಡಿಯ ಕಥೆಗಳು, ಅಷ್ಟೇ. ಮೂರನೆಯದಕ್ಕಾಗಿ ಸಿಂಗಾಪುರಕ್ಕೇ ಹೋಗಿಬಂದರು. ಸಾಹಸವೇನೋ ಹೌದು, ಆದರೆ ಅವರಿಬ್ಬರ ನಗೆಗೆ ವಿಮಾನದ ಖರ್ಚು ಬೇಕಿತ್ತೆಂದು ನಾನು ಒಪ್ಪುವುದಿಲ್ಲ. 2024ರ ಏಪ್ರಿಲಿನಲ್ಲಿ ಅವರು ತೀರಿಕೊಂಡಾಗ ಮೆಚ್ಚಿಕೆಯ ಮಾತುಗಳಲ್ಲಿ ಹೆಚ್ಚಾಗಿ ಕಂಡದ್ದು ಈ ಸಾಹಸವೇ.

ಜೋಡಿ ಹೋದರೆ ಹೋಗಲಿ, ನಷ್ಟವೇನು ಎಂದು ವಾಚಕರು ಕೇಳಬಹುದು. 1996ರ 'ಪೊಲೀಸ್ ಸ್ಟೋರಿ'ಯನ್ನು ನೆನೆಯಿರಿ. ಸಾಯಿಕುಮಾರರ ಕಂಠಕ್ಕೆ ನಾನೂ ಅಂದು ಚಪ್ಪಾಳೆ ತಟ್ಟಿದವನೇ. ಆದರೆ ಆಮೇಲೆ ಬಂದ ಅದರ ಮರಿಗಳಲ್ಲಿ ಅಧಿಕಾರಿಯೇ ದೂರುದಾರ, ಅವನೇ ನ್ಯಾಯಾಧೀಶ, ಅವನೇ ತಳವಾರ. ಹಿಂದೆ ನಿಂತ ಪೇದೆಗೆ ಜೀಪಿನ ಬಾಗಿಲು ತೆಗೆಯುವುದೊಂದೇ ಕೆಲಸ. ನಗೆಚಿತ್ರದ ಜೊತೆಗಾರ ಹಾಗಲ್ಲ, ಅವನೊಬ್ಬ ಸಾಕ್ಷಿ. ಸಾಹೇಬರು ಕೈಯೆತ್ತಿದಾಗ ಅವನ ಮುಖ ಸಣ್ಣಗಾಗುತ್ತದೆ. ಆ ಮುಖವನ್ನು ಕಂಡು ನಕ್ಕ ನಮಗೆ ಎತ್ತಿದ ಕೈಯ ಮೇಲೆ ಮೊದಲಿನ ಗೌರವ ಉಳಿಯುವುದಿಲ್ಲ. ನಮ್ಮ ತೆರೆಗೆ ಈಗ ಬೇಕಾಗಿರುವುದು ಈ ಮುಖವೇ.

2019ರಲ್ಲಿ ಅದು ಮತ್ತೆ ಕಾಣಿಸಿತು. ಸಚಿನ್ ರವಿಯವರ 'ಅವನೇ ಶ್ರೀಮನ್ನಾರಾಯಣ'ದಲ್ಲಿ ರಕ್ಷಿತ್ ಶೆಟ್ಟಿಯವರ ಸಬ್‌ಇನ್‌ಸ್ಪೆಕ್ಟರ್ ನಾರಾಯಣ ಬಾಯಿ ತೆರೆದರೆ ಸುಳ್ಳು. ಅಚ್ಯುತ್ ಕುಮಾರರ ಅಚ್ಯುತಣ್ಣ ಆ ಸುಳ್ಳನ್ನು ನಂಬಲಾರ, ಬಿಟ್ಟು ಓಡಲೂ ಆರ. ಮೂರು ಗಂಟೆಗೂ ಮಿಕ್ಕಿದ ಈ ಚಿತ್ರದಲ್ಲಿ ಅಮರಾವತಿಯೆಂಬ ಊರನ್ನೇ ಕಟ್ಟಿದ್ದಾರೆ. ಡಕಾಯಿತರು, ನಾಟಕದ ಕಂಪನಿ, ಲೂಟಿಯಾದ ನಿಧಿ, ಒಂದೇ ಎರಡೇ! ಆದರೆ ನನ್ನ ನೆನಪಿನಲ್ಲಿ ಉಳಿದದ್ದು ಆ ಇಬ್ಬರು ಮಾತಾಡುತ್ತ ನಿಂತ ಘಳಿಗೆಗಳು. ಅವಕ್ಕೆ ಒಂದು ಗೋಡೆ, ಎರಡು ಖಾಕಿ ಅಂಗಿ ಸಾಕಾಗಿತ್ತು.

ಅದೇ ವರ್ಷದ ಫೆಬ್ರವರಿಯಲ್ಲಿ ಬಂದಿದ್ದ ಜಯತೀರ್ಥರ 'ಬೆಲ್ ಬಾಟಂ' ಸಣ್ಣ ಚಿತ್ರ. ಟಿ.ಕೆ. ದಯಾನಂದರ ಕಥೆ, ಕಾಲ ಎಂಬತ್ತರ ದಶಕ. ಪತ್ತೇದಾರನಾಗುವ ಕನಸಿನ ದಿವಾಕರನನ್ನು (ರಿಷಬ್ ಶೆಟ್ಟಿ) ತಂದೆ ಪೊಲೀಸು ಕೆಲಸಕ್ಕೆ ನೂಕುತ್ತಾನೆ. ಇಲ್ಲಿಯೂ ಅಚ್ಯುತ್ ಕುಮಾರರೇ ತಂದೆ. ಕಳವಾಗುವುದು ಎಲ್ಲಿ? ಠಾಣೆಯೊಳಗೇ! ಕಳ್ಳರಿಂದ ವಶಪಡಿಸಿಕೊಂಡು ಜೋಪಾನವಾಗಿಟ್ಟ ಮುದ್ದೆಮಾಲೇ ಮಾಯ. ದೇಶವನ್ನುಳಿಸುವ ಗೂಢಚಾರನಿಗಿಂತ, ತನ್ನ ಕೋಣೆಯ ಬೀಗವನ್ನು ತಾನೇ ಕಾಯಲಾರದ ಠಾಣೆ ಎಷ್ಟು ನಿಜ, ಎಷ್ಟು ನಗೆ! ಹಾಡುಗಳ ಬಳಿ ಕಥೆ ಕಾಲೆಳೆಯುತ್ತದೆ, ಕೊನೆಯ ಗಂಟನ್ನು ಬಿಚ್ಚುವಲ್ಲಿ ಅವಸರವಿದೆ. ಆದರೂ ಇಲ್ಲಿಯ ಪೊಲೀಸರು ನಮ್ಮ ಬೀದಿಯವರು.

ಹನಗೋಡಿನ ದಫೇದಾರರಿಗೆ ಇದನ್ನು ನೋಡಿಸಿದೆ. ಚೆನ್ನಾಗಿ ನಕ್ಕರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಎಲ್ಲಾ ಸರಿ ಸ್ವಾಮಿ, ಆ ಮುದ್ದೆಮಾಲಿಗೆ ರುಜು ಹಾಕಿದ ಪೇದೆ ಅವತ್ತು ರಾತ್ರಿ ನಿದ್ದೆ ಮಾಡಿರ್ತಾನಾ?"