ಗಾಣದ ಹೊಗೆ ಓದುವ ಹವೆ

ಮುಧೋಳ, ಜಮಖಂಡಿ ಸೀಮೆಯಲ್ಲಿ ಬೆಲ್ಲದ ಗಾಣದ ಹೊಗೆಯಷ್ಟು ಅಗ್ಗದ, ನೆಚ್ಚಬಹುದಾದ ಹವಾಮಾನ ಉಪಕರಣ ಇನ್ನೊಂದಿಲ್ಲ. ಚಳಿಗಾಲದ ನಸುಕಿನಲ್ಲಿ ಅದು ತುಸು ಮೇಲೇರಿ, ಕಬ್ಬಿನ ಹೊಲಗಳ ಮೇಲೆ ಅಡ್ಡಡ್ಡ ಹರಡಿ ನಿಂತುಬಿಡುತ್ತದೆ. ಬಿಸಿ ಗಾಳಿ ಏರಲೇಬೇಕಲ್ಲವೇ? ಏರುತ್ತದೆ, ಸುತ್ತಲಿನ ಗಾಳಿಗಿಂತ ಬೆಚ್ಚಗಿರುವವರೆಗೆ ಮಾತ್ರ. ಮೇಲೆ ಹೋದಂತೆ ಒತ್ತಡ ಕಡಿಮೆ. ಹಿಗ್ಗುವ ಗಾಳಿ ತನ್ನದೇ ಶಾಖ ವೆಚ್ಚಮಾಡಿ, ಒಣಗಿದ್ದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣಿಯುತ್ತದೆ. ಒಲೆಯ ಕಾವು ಸುತ್ತಲ ಗಾಳಿಯೊಡನೆ ಬೆರೆತೇ ಆರುತ್ತದಲ್ಲ ಎನ್ನಬಹುದು. ನಿಜ, ಆದರೆ ಆ ಬೆರಕೆ ಮಧ್ಯಾಹ್ನವೂ ಇದೆ, ಆಗ ಹೊಗೆ ಸಲೀಸಾಗಿ ಏರುತ್ತದೆ. ವ್ಯತ್ಯಾಸವಿರುವುದು ಮೇಲಿನ ಪದರದಲ್ಲಿ: ರಾತ್ರಿ ಎರೆನೆಲ ಬೇಗ ತಣಿದು ತಳದ ಗಾಳಿಯನ್ನು ತಣಿಸುತ್ತದೆ, ಮೇಲಿನದು ಬೆಚ್ಚಗೇ ಉಳಿಯುತ್ತದೆ. ಸ್ಥಿರ ಹವೆ ಎಂದರೆ ಇದೇ. ಇಂಥ ಹವೆಯಲ್ಲಿ ಹೊಗೆ ತಳದಲ್ಲೇ ನಿಲ್ಲುವುದರಿಂದ, ಕಬ್ಬಿನ ರವದಿ (ಒಣ ಗರಿ) ಸುಡದಿದ್ದರೆ ಒಳ್ಳೆಯದು. ಸುಡುವವರು ನಸುಕಿನ ಹೊತ್ತನ್ನಾದರೂ ಬಿಡಿ.